ದಿವಾಳಿ ಮನೆಗೆ ಮೂರು ಕೋಟ್ ಬಣ್ಣ

ಅಡುಗೆಮನೆ, ಮಾರ್ಚ್ ೧೪

ಪ್ರೀತಿಯ ಅತ್ತೆಯವರಿಗೆ ನಮಸ್ಕಾರ.

ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದ ಡಾಕ್ಟರ ಮಾತನ್ನು ನೀವು ಮಗಳ ಮನೆಯ ಮಹಡಿಯ ಮೇಲೆ ಕುಳಿತೇ ನೆನೆಸಿಕೊಳ್ಳುತ್ತಿರುತ್ತೀರಿ. ಇಲ್ಲಿ ಹಜಾರದ ಬಣ್ಣ ಇನ್ನೂ ಹಸಿಯಾಗಿದೆ. ಅದಕ್ಕೇ ಅಡುಗೆಮನೆಯಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಮಗ ಹೋದ ವಾರ ದಿವಾಳಿ ಅರ್ಜಿಗೆ ಸಹಿ ಹಾಕಿದರು. ಬಣ್ಣದಂಗಡಿಯಲ್ಲಿ ಮಾಡಿದ ಸಾಲ ಅದರಲ್ಲಿ ಮುಗಿಯುತ್ತದಂತೆ, ತೆರಿಗೆ ಬಾಕಿ ಮುಗಿಯುವುದಿಲ್ಲವಂತೆ. ಗಿರಾಕಿಗಳು ಮನೆಗೆ ಬಣ್ಣ ಹೊಡೆಸಿ ಬಿಲ್ಲಿನ ಜೊತೆ ಕೊಟ್ಟ ತೆರಿಗೆ ಸರಕಾರದ ಹಣ. ಇವರು ಅದರಲ್ಲಿ ಮುಂದಿನ ಮನೆಗೆ ಪುಟ್ಟಿ, ಪ್ರೈಮರ್ ಕೊಂಡುಬಿಡುತ್ತಿದ್ದರು. “ಆ ಮನೆ ಮುಗೀಲಿ, ಕಟ್ಟಿದ್ರಾಯ್ತು” ಎನ್ನುತ್ತಿದ್ದರು. ಆ ಮನೆ ಮುಗಿಯುವಷ್ಟರಲ್ಲಿ ಇನ್ನೊಂದು ಮನೆ ಬರುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬರುತ್ತದೆ ಎನ್ನುತ್ತಾರೆ. ಇವರ ಕೈಗೆ ಬ್ರಷ್ಷು ಬಂತು.

ಮನೆಗೆ ಬೆಲೆ ಕಟ್ಟಲು ಅಧಿಕಾರಿ ಬರುತ್ತಾರೆ, ಬೆಲೆ ಒಂದು ಮಿತಿಯೊಳಗಿದ್ದರೆ ಮನೆ ನಮಗೇ ಉಳಿಯುತ್ತದೆ ಎಂದು ವಕೀಲರು ಹೇಳಿದ್ದರು. ನಮ್ಮ ಗೋಡೆಗಳು ನಿಮಗೆ ಗೊತ್ತಲ್ಲ, ಮಾವನವರ ಕಾಲದ ಸುಣ್ಣ. ಒರಗಿದವರ ಬೆನ್ನಿಗೆ ಬರುತ್ತಿತ್ತು. ನಾನು ಧೈರ್ಯವಾಗಿದ್ದೆ. ಇವರು ಮಾತ್ರ “ಬಣ್ಣದವನ ಮನೆನೇ ಹೀಗಿದ್ರೆ ಬಂದವ್ರು ಏನಂದ್ಕೊಂಡಾರು?” ಎಂದು, ಹಿತ್ತಲಲ್ಲಿ ಮಿಕ್ಕಿದ್ದ ಡಬ್ಬಗಳನ್ನೆಲ್ಲ ತೆಗೆದು ಏಣಿ ಹತ್ತಿದರು. ಅಧಿಕಾರಿ ಗೋಡೆ ಸವರಿ, “ಮನೆ ಚೆನ್ನಾಗಿದೆ” ಎಂದರು. ಅಷ್ಟಕ್ಕೇ ಸುಮ್ಮನಿರದೆ ಇವರು “ಮೂರು ಕೋಟ್ ಸಾರ್, ಹತ್ತು ವರ್ಷ ಅಲ್ಲಾಡಲ್ಲ” ಎಂದರು. ಅವರು ಅದನ್ನೂ ಬರೆದುಕೊಂಡರು. ಬೆಲೆ ಮಿತಿ ದಾಟಿತು. ವಕೀಲರು ನನ್ನ ಕಡೆ ತಿರುಗಿ, “ನಿಮ್ಮ ಯಜಮಾನ್ರು ಒಂದು ವಾರ ಸೋಮಾರಿಯಾಗಿದ್ದಿದ್ರೆ ಸಾಕಿತ್ತಲ್ಲಮ್ಮ” ಎಂದರು.

ಈಗ ತೆರಿಗೆ ಬಾಕಿಯನ್ನು ಕಂತಿನಲ್ಲಿ ಕಟ್ಟುವುದಾದರೆ ಮನೆಯನ್ನು ಹರಾಜಿಗೆ ಹಾಕುವುದಿಲ್ಲವಂತೆ. ಆದರೆ ಕಂತಿಗೆ ಒಪ್ಪಬೇಕಾದರೆ ಇವರಿಗೆ ಎಲ್ಲಾದರೂ ತಿಂಗಳ ಸಂಬಳವಿರಬೇಕು. ಈ ವಯಸ್ಸಿನಲ್ಲಿ, ಯಾರ ಮಾತನ್ನೂ ಕೇಳದವರನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ?

ಅದೊಂದು ಬಿಟ್ಟರೆ ನಾವು ಕ್ಷೇಮ. ಮಾತ್ರೆ ತಪ್ಪಿಸಬೇಡಿ. ನಾದಿನಿಯನ್ನು ಕೇಳಿದೆನೆಂದು ಹೇಳಿ.

ನಿಮ್ಮ ಆಶೀರ್ವಾದ ಬೇಡುವ
ಸೊಸೆ

ಕವರು ಅಂಟಿಸುವ ಮೊದಲು: ಇವರನ್ನು ನಾನೇ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ. ನನ್ನ ಹೆಸರಿನಲ್ಲಿ ಬಣ್ಣದ ಕೆಲಸದ ಲೈಸೆನ್ಸ್ ಮಾಡಿಸಿ, ಬಂದ ಹಣದಲ್ಲಿ ಮೊದಲು ತೆರಿಗೆ ಕಟ್ಟಿ, ಆಮೇಲೆ ನಿಮ್ಮ ಮಗನಿಗೆ ಸಂಬಳ ಕೊಡುವುದೆಂದು ತೀರ್ಮಾನಿಸಿದ್ದೇನೆ. ವಕೀಲರು ಆಗಬಹುದು ಎಂದಿದ್ದಾರೆ. ಇವರಿಗಿನ್ನೂ ಗೊತ್ತಿಲ್ಲ. ಗೋಡೆಯ ಮೇಲೆ ಅಧಿಕಾರಿಯ ಬೆರಳಚ್ಚು ಉಳಿಯಿತೆಂದು ಹಜಾರಕ್ಕೆ ನಾಲ್ಕನೆಯ ಕೋಟ್ ಹಾಕುತ್ತಿದ್ದಾರೆ. ಏಣಿ ಇಳಿದ ಮೇಲೆ ಹೇಳುತ್ತೇನೆ.