ಕೋಡ್ ಕೇಳುವ ಫೋನು

ಮಂಗಳವಾರ, ಮಾರ್ಚ್ 11, ಬರಾಂಕಿಯಾ

ಟಿವಿ ಸಿನಿಮಾಗಳ ಚಂದಾ ಇನ್ನು ಅರ್ಧಕ್ಕಿಳಿಸಬಹುದು. ಕುಣಿಯಬೇಕಿತ್ತು, ಊಟವೇ ಸೇರಲಿಲ್ಲ.

ಒಂದು ಚಂದಾದಲ್ಲಿ ಒಂದೇ ಮನೆಯವರು ನೋಡಬೇಕು ಅಂತ ಕಂಪನಿ ಹಟ ಹಿಡಿದಾಗಿನಿಂದ, ನನ್ನನ್ನು ಬಿಟ್ಟುಹೋದ ಹೆಂಡತಿ ನೂಬಿಯಾಳ ಮನೆಯ, ನನ್ನ ಚಂದಾದಲ್ಲೇ ನಡೆಯುವ ಟಿವಿ ಆಗಾಗ ಕೋಡ್ ಕೇಳುತ್ತಿತ್ತು. ಕೋಡ್ ಬರುವುದು ನನ್ನ ಫೋನಿಗೆ. ಅದಕ್ಕೇ ಅವಳ ಜೊತೆ ಇರುವ ಮಗಳು ಯುರಾನಿಸ್ ಫೋನ್ ಮಾಡುತ್ತಿದ್ದಳು, ಬೇರೆ ಯಾವುದಕ್ಕೂ ಇಲ್ಲ. ಹದಿನೈದು ನಿಮಿಷಕ್ಕೆ ಕೋಡ್ ಸಾಯುತ್ತದೆ. ಹದಿನಾಲ್ಕು ನಿಮಿಷ ಅವಳನ್ನು ನಗಿಸಿ, ಆಮೇಲೆ ಹೇಳುತ್ತಿದ್ದೆ.

ಇವತ್ತು ಅವಳೇ, "ಅಪ್ಪಾ, ನಿನ್ನ ಚಂದಾದಿಂದ ನಮ್ಮನೇನ ತೆಗೆದ್ಹಾಕು. ನಾವೇ ಬೇರೆ ತಗೊಂಡ್ವಿ. ನಿಂಗೂ ದುಡ್ಡು ಉಳಿಯುತ್ತೆ" ಅಂದಳು.

"ಅಯ್ಯೋ, ಅಷ್ಟೊಂದು ದುಡ್ಡು ಎಲ್ಲಿ ಬಚ್ಚಿಡ್ಲೇ ತಾಯಿ?"

ನಕ್ಕಳು. ಒಂದೇ ನಿಮಿಷಕ್ಕೆ ಫೋನ್ ಇಟ್ಟುಬಿಟ್ಟಳು.

ಅವಳ ಹೆಸರು ತೆಗೆದಿಲ್ಲ. ಪೂರ್ತಿ ಚಂದಾ ಕಟ್ಟಿದೆ. ದೇವರೇ, ಅವರ ಹೊಸದು ಕೆಟ್ಟುಹೋಗಲಿ, ಒಂದೇ ಒಂದು ಸಲ ಅವಳು ಮತ್ತೆ ಕೋಡ್ ಕೇಳಲಿ.