ಇಪ್ಪತ್ತೆರಡನೆಯ ಕಾರ್ಡು

ಪ್ರೆಸ್ಸಿನ ಹಿಂದಿನ ಕೋಣೆ
ಶನಿವಾರ, ಜೂನ್ ೧೪

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಗಂಟಲು ನೋವು ಕಮ್ಮಿಯಾಯಿತಾ? ದಿನವಿಡೀ ಮಾತಾಡುವ ಕೆಲಸ ನಿನ್ನದು, ಬಿಸಿನೀರು ಕುಡಿಯಲು ಹೇಳು ಅಂತ ಅಮ್ಮ ಮೂರು ಸಲ ಹೇಳಿದ್ದಾಳೆ. ಮೂರನ್ನೂ ಸೇರಿಸಿ ಒಂದೇ ಸಲ ಬರೆದಿದ್ದೇನೆ. ಅವಳ ಮಂಡಿನೋವು ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಮಂಡಿಯನ್ನು ಬೈಯುತ್ತಾಳೆ, ಇಳಿಯುವಾಗ ನನ್ನನ್ನು. ನಾನು ಚೆನ್ನಾಗಿದ್ದೇನೆ. ಶಾಲೆ ಬಿಟ್ಟ ಮೇಲೆ ಇದು ನಾಲ್ಕನೆಯ ಕೆಲಸ, ಆದರೂ ಇಲ್ಲಿ ಎಂಟು ತಿಂಗಳು ನಿಂತಿದ್ದೇನೆ. ಕಾಗದ ಕತ್ತರಿಸುವ ಯಂತ್ರದ ಮುಂದೆ ಮಾತ್ರ ನನ್ನ ಕೈಕಾಲು ತೆಪ್ಪಗಿರುತ್ತವೆ. ಮೈಮರೆತರೆ ಬೆರಳೇ ಹೋಗುತ್ತದಲ್ಲ!

ಲೆಕ್ಕದಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಅಂತ ನೀನು ಮಾಡಿದ ಕಾರ್ಡುಗಳು ಅಚ್ಚಿಗೆ ನಮ್ಮ ಪ್ರೆಸ್ಸಿಗೇ ಬಂದವು. ಮೂವತ್ತು ಕಾರ್ಡಿನ ಸೆಟ್ಟು, ಅಂಥವು ಆರುನೂರು. ಯಜಮಾನರು “ಏನು ತಲೆಯೋ ನಿನ್ನಕ್ಕನದು! ನಿನ್ನ ಪಾಲಿನದೂ ಅವಳಿಗೇ ಹೋಯಿತಾ?” ಅಂತ ನಕ್ಕರು. ನಾನೂ ನಕ್ಕೆ. ಆಮೇಲೆ ಕಾರ್ಡು ತಿರುಗಿಸಿ ಹಿಂಬದಿ ಓದಿದೆ. ಮೇಷ್ಟ್ರುಗಳಿಗೆ ನೀನು ಬರೆದ ಸೂಚನೆ: “ಮಗು ತಪ್ಪಿದರೆ ಗದರಬೇಡಿ. ಹೇಗೆ ಮಾಡಿದೆ, ನನಗೂ ತೋರಿಸು ಎಂದು ಕೇಳಿ.” ನನ್ನ ನಗು ಅಲ್ಲೇ ನಿಂತಿತು.

ಅಡುಗೆಮನೆಯ ಮೇಜು ನೆನಪಿದೆಯಾ? ನಾನು ಮೂರನೆಯ ಕ್ಲಾಸು, ನೀನು ಒಂಬತ್ತನೆಯದು. ನಲವತ್ತಮೂರರಲ್ಲಿ ಹದಿನೇಳು ಕಳೆ ಅಂದರೆ ನಾನು ಹತ್ತು ಸಾಲ ತರುತ್ತಿದ್ದೆ, ಆದರೆ ಕೊಟ್ಟವನ ಮನೆಯಲ್ಲಿ ಒಂದು ಕಮ್ಮಿ ಮಾಡುವುದನ್ನು ಮರೆಯುತ್ತಿದ್ದೆ. “ಎಷ್ಟು ಸಲ ಹೇಳಬೇಕೋ ಕಲ್ಲುಗುಂಡೇ!” ಅಂತ ನೀನು ಮರದ ಸ್ಕೇಲಿನಲ್ಲಿ ನನ್ನ ಬೆರಳ ಗಂಟಿನ ಮೇಲೇ ಬಿಡುತ್ತಿದ್ದೆ. ಆಗ ನಿನಗೂ ಹದಿನಾಲ್ಕೇ ವರ್ಷ, ನಿನಗೂ ಪರೀಕ್ಷೆ ಇತ್ತು, ಗೊತ್ತು. ನಾನು ಶಾಲೆ ಬಿಟ್ಟದ್ದು ಅದಕ್ಕೇ ಅಂದರೆ ಸುಳ್ಳಾಗುತ್ತದೆ. ಕೂತಲ್ಲಿ ಕೂರಲಾಗಲಿಲ್ಲ, ಬಿಟ್ಟೆ. ಆದರೆ “ಹೇಗೆ ಮಾಡಿದೆ” ಅಂತ ನೀನು ನನ್ನನ್ನು ಒಂದು ದಿನವಾದರೂ ಕೇಳಿದ್ದೆಯಾ?

ಕಾರ್ಡಿನ ಮೂಲೆ ದುಂಡಗಿರಲಿ, ಮಕ್ಕಳ ಬೆರಳಿಗೆ ಚುಚ್ಚಬಾರದು ಅಂತ ನೀನು ಬೇರೆ ಚೀಟಿ ಕಳಿಸಿದ್ದೆ. ಹದಿನೆಂಟು ಸಾವಿರ ಕಾರ್ಡು, ನಾಲ್ಕು ನಾಲ್ಕು ಮೂಲೆ, ಎಲ್ಲ ನಾನೇ ಉರುಟು ಮಾಡಿದೆ. ಅವರ ಬೆರಳಿಗೆ ದುಂಡು ಮೂಲೆ, ನನ್ನ ಬೆರಳಿಗೆ ಸ್ಕೇಲು. ಮುಖ ನೋಡದ ಎಂಟು ವರ್ಷದ ಮಕ್ಕಳ ಮೇಲೆ ಹತ್ತೊಂಬತ್ತರ ಗಂಡಸಿಗೆ ಹೊಟ್ಟೆಕಿಚ್ಚು! ಇನ್ನೊಬ್ಬರಿಗೆ ಹೇಳಿದರೆ ನಗುತ್ತಾರೆ. ನಿನಗೆ ಹೇಳುತ್ತಿದ್ದೇನೆ, ನಗಬೇಡ.

ಊಟ ಹೊತ್ತಿಗೆ ಸರಿಯಾಗಿ ಮಾಡು. ನಿನ್ನ ಜೊತೆ ಕೋಣೆಯಲ್ಲಿರುವ ಟೀಚರಿಗೆ ನನ್ನ ನಮಸ್ಕಾರ. ಅಮ್ಮನ ಆಶೀರ್ವಾದ ಎಂದಿನಂತೆ ಬಿಸಿನೀರಿನ ಜೊತೆಗೇ ಇದೆ.

ನಿನ್ನ ತಮ್ಮ,
ಕಲ್ಲುಗುಂಡು

ಸಹಿ ಹಾಕಿದ ಮೇಲೆ ಏನಾದರೂ ಸೇರಿಸುವಾಗ ‘ಮರೆತಿದ್ದೆ’ ಅಂತ ಬರೆಯುವುದು ವಾಡಿಕೆ. ನಾನು ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಇಪ್ಪತ್ತೆರಡನೆಯ ಕಾರ್ಡಿನ ಚಿತ್ರ ತಪ್ಪಾಗಿದೆ, ಅದೇ ನಲವತ್ತಮೂರರಲ್ಲಿ ಹದಿನೇಳು ಕಳೆಯುವುದು. ನಲವತ್ತಮೂರು ಕಡ್ಡಿ, ಅಂದರೆ ಹತ್ತರ ನಾಲ್ಕು ಕಟ್ಟು, ಬಿಡಿ ಮೂರು. ಒಂದು ಕಟ್ಟು ಬಿಚ್ಚಿದ ಮೇಲೆ ಬಿಡಿ ಹದಿಮೂರಾಗಿವೆ, ಕಟ್ಟು ಮಾತ್ರ ನಾಲ್ಕೇ ಉಳಿದಿವೆ. ಮೂರಿರಬೇಕು. ಅದನ್ನು ನೋಡಿ ಎಣಿಸಿದ ಮಗುವಿಗೆ ಇಪ್ಪತ್ತಾರರ ಬದಲು ಮೂವತ್ತಾರು ಬರುತ್ತದೆ. ನಾನು ಆಗ ಮಾಡುತ್ತಿದ್ದ ತಪ್ಪೇ ಅದು, ಎಲ್ಲಿ ಕಂಡರೂ ಗುರುತು ಸಿಗುತ್ತದೆ. ಮಂಗಳವಾರ ಅಚ್ಚಿಗೆ ಹೋಗುವ ಮುಂಚೆಯೇ ನೋಡಿದ್ದೆ. ಆ ಮಕ್ಕಳೂ ತಪ್ಪು ಮಾಡಲಿ, ನಿನ್ನ ತಾಳ್ಮೆ ಎಷ್ಟಿದೆ ನೋಡೋಣ ಅಂತ ಬಾಯಿ ಮುಚ್ಚಿಕೊಂಡೆ. ಇವತ್ತು ಬೆಳಿಗ್ಗೆ ಸೆಟ್ಟು ಕಟ್ಟುವಾಗ ಕೈ ಓಡಲಿಲ್ಲ. ಯಜಮಾನರಿಗೆ ಹೇಳಿ ಬೈಸಿಕೊಂಡು, ಆರುನೂರು ಸೆಟ್ಟಿನಿಂದಲೂ ಆ ಕಾರ್ಡು ತೆಗೆದಿದ್ದೇನೆ. ಪೆಟ್ಟಿಗೆ ಬಿಚ್ಚಿದಾಗ ಇಪ್ಪತ್ತೊಂಬತ್ತೇ ಇರುತ್ತವೆ, ಗಾಬರಿಯಾಗಬೇಡ. ಸರಿಯಾದ ಚಿತ್ರ ಬೇಗ ಕಳಿಸು, ಮೂಲೆ ದುಂಡು ಮಾಡಿಯೇ ಕೊಡುತ್ತೇನೆ. ತಪ್ಪು ಹಿಡಿದವರು ಯಾರು ಅಂತ ಯಾರಾದರೂ ಕೇಳಿದರೆ ನನ್ನ ತಮ್ಮ ಅನ್ನು. ಕಲ್ಲುಗುಂಡು ಅನ್ನಬೇಡ.