ಮೆಮೊರಿ ತುಂಬಿಲ್ಲ, ಸರ್

ಮಾರ್ಚ್ ೧೮, ೨೦೦೬. ಚಳ್ಳಕೆರೆ, ಹಾಸ್ಟೆಲ್

ಸಾರಿ, ಡೈರಿ. ಏಳನೇ ಕ್ಲಾಸಲ್ಲಿ ವಾರ್ಡನ್ ಓದಿ ಎಲ್ಲರ ಮುಂದೆ ನಗಾಡಿದ ಮೇಲೆ ಇನ್ನು ಬರೆಯಲ್ಲ ಅಂದಿದ್ದೆ. ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಹೇಳಲಿ?

ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಸರ್ವರ್ ಮೇಲೆ ಕಣ್ಣಿಡುವ ಪ್ರೋಗ್ರಾಂ ಒಂದಿದೆ. ಡಿಸ್ಕ್ ತುಂಬಿದರೆ ಕೆಂಪು ತೋರಿಸುತ್ತದೆ. ಮೆಮೊರಿಗೆ ಏನೂ ಇಲ್ಲ. ಅದಕ್ಕೊಂದು ಪ್ಲಗಿನ್ — ಜೊತೆಗೆ ಜೋಡಿಸುವ ಪುಟ್ಟ ಪ್ರೋಗ್ರಾಂ — ಬರೆಯುವವರು ಯಾರು ಅಂದರು ಲ್ಯಾಬ್ ನೋಡಿಕೊಳ್ಳುವ ಉಗ್ರಪ್ಪ ಸರ್, ಫೈನಲ್ ಇಯರ್‌ನವರ ಕಡೆ ನೋಡಿ. ಕೈ ಎತ್ತಿದ್ದು ನಾನು.

"ಫಸ್ಟ್ ಇಯರ್ರು... ಆಗ್ತೈತೇನಮ್ಮಾ?"

"ಟ್ರೈ ಮಾಡ್ತೀನಿ ಸರ್."

ಹಿಂದಿನಿಂದ ಒಬ್ಬ — "ಕುರಿ ಎಣಿಸ್ದಂಗಲ್ಲ ಕಣೇ ವನಜಾಕ್ಷಿ!"

ಎಲ್ಲರೂ ನಕ್ಕರು. ಬರೆದೇ ತೀರುತ್ತೇನೆ.

ಮಾರ್ಚ್ ೨೪

ನನ್ನ ಪ್ಲಗಿನ್ ಓಡಿತು! ಹಸಿರು. ನಮ್ಮ ಕ್ಲಾಸಿನ ಶಾಂತಕುಮಾರಿ ಖುಷಿಗೆ ಬೆನ್ನಿಗೆ ಗುದ್ದಿದಳು. ಮಧ್ಯಾಹ್ನಕ್ಕೆ ಕೆಂಪು... ಸರ್ವರ್ ರೀಸ್ಟಾರ್ಟ್ ಮಾಡಿದರು, ಹಸಿರು. ಸಂಜೆಗೆ ಮತ್ತೆ ಕೆಂಪು.

"ಮೆಮೊರಿಯೆಲ್ಲ ನಿನ್ ಪ್ಲಗಿನ್ನೇ ತಿಂತೈತೆ. ಸರ್ವರ್ ಕೆಡಿಸ್ದೆ. ಇನ್ನು ಲ್ಯಾಬ್ ಕಡೆ ಬರಬೇಡ," ಅಂದರು ಸರ್.

ಲಾಗಿನ್ ಬಂದ್. ಲ್ಯಾಬ್ ಬಿಟ್ಟರೆ ನನಗೆ ಕಂಪ್ಯೂಟರ್ ಎಲ್ಲಿದೆ? ಪ್ರಾಕ್ಟಿಕಲ್ ಹೇಗೆ?

ಅಷ್ಟು ಪುಟ್ಟ ಪ್ರೋಗ್ರಾಂ ಅಷ್ಟೊಂದು ತಿನ್ನಲ್ಲ. ಸಾಧ್ಯವೇ ಇಲ್ಲ. ಆದರೆ ಕೆಂಪು ಯಾಕೆ...

ಮಾರ್ಚ್ ೩೦, ಯುಗಾದಿ. ಸಿದ್ದಾಪುರ

ಹಬ್ಬಕ್ಕೆ ಊರಿಗೆ ಬಂದೆ. ನಮ್ಮ ಕುರಿಮಂದೆ ಸೂರಪ್ಪನ ಹೊಲದಲ್ಲಿದೆ. ಗೊಬ್ಬರಕ್ಕೆಂದು ಅವನೇ ಕರೆದು ನಿಲ್ಲಿಸಿಕೊಂಡಿದ್ದು. ಕಾಲಿಡಲು ಜಾಗವಿಲ್ಲ. ಬೆಳಿಗ್ಗೆ ಎತ್ತು ಹೊಡೆದುಕೊಂಡು ಬಂದ — ಹೊನ್ನಾರು, ಹಬ್ಬದ ಮೊದಲ ಉಳುಮೆ.

"ಜುಂಜಣ್ಣ, ಮಂದೆ ಎಬ್ಬಿಸ್ತೀಯೇನಪ್ಪ?" ಅಂತ ಅಪ್ಪನನ್ನು ಕೇಳಿದ.

"ಕೇಳ್ಬೇಕೇನಪ್ಪ! ಹೊಲ ನಿಂದು, ಗೊಬ್ಬರ ನಿಂದು. ಕುರಿ ಅಷ್ಟೇ ನಮ್ದು."

ಅಪ್ಪ ಸಿಳ್ಳೆ ಹಾಕಿದ. ಹೊಲ ಖಾಲಿ.

ಬೇವು ಬಾಯಲ್ಲೇ ಇತ್ತು, ನುಂಗಲಿಲ್ಲ. ಸರ್ವರ್ ಕೂಡ ಹೀಗೇ ಅಲ್ಲವಾ! ಸುಮ್ಮನೆ ಬಿದ್ದ ಮೆಮೊರಿಯಲ್ಲಿ ಒಮ್ಮೆ ಓದಿದ ಫೈಲುಗಳನ್ನು ನಿಲ್ಲಿಸಿಕೊಂಡಿರುತ್ತದೆ — ಕ್ಯಾಶ್. ಬೇರೆ ಪ್ರೋಗ್ರಾಂ ಕೇಳಿದರೆ ಎಬ್ಬಿಸಿ ಜಾಗ ಕೊಡುತ್ತದೆ. ನಾನು ಅದನ್ನೂ 'ತುಂಬಿದೆ' ಅಂತ ಸೇರಿಸಿಬಿಟ್ಟಿದ್ದೆ. ಮಂದೆ ನೋಡಿ ಹೊಲ ಹೋಯಿತು ಅಂದವಳು — ಕುರಿಯವನ ಮಗಳು!

ಕುರಿ ಎಣಿಸಿದ ಹಾಗೇ ಕಣ್ರೋ. ಸರಿಯಾಗಿ ಎಣಿಸಬೇಕು, ಅಷ್ಟೇ.

ಏಪ್ರಿಲ್ ೩. ಚಳ್ಳಕೆರೆ

ಸೈಬರ್ ಸೆಂಟರಲ್ಲಿ ಕೂತು ತಿದ್ದಿದೆ. 'ತುಂಬಿದೆ' ಅನ್ನುವ ಲೆಕ್ಕದಿಂದ ಕ್ಯಾಶ್ ಕಳೆಯುವ ಸಾಲು ಸೇರಿಸಿದೆ. ಲ್ಯಾಬ್ ಬಾಗಿಲಲ್ಲೇ ಸರ್ ತಡೆದರು — "ಹೇಳಿದ್ದು ಕೇಳಿಸ್ಲಿಲ್ವೇನಮ್ಮ?"

ಶಾಂತಕುಮಾರಿ ಕೈಯಲ್ಲಿ ಫ್ಲಾಪಿ ಕಳಿಸುತ್ತೇನೆ. ಜೊತೆಗೆ ಚೀಟಿ. ಇಂಗ್ಲಿಷ್ ಬೇಡ. ಮೊದಲು ಇಲ್ಲಿ ಬರೆದು ನೋಡುವೆ —

ಸರ್, ಸರ್ವರ್ ಕೆಟ್ಟಿಲ್ಲ. ಲೆಕ್ಕ ತಪ್ಪಿದ್ದು ನಾನು, ಒಪ್ಪುತ್ತೇನೆ. ಕೆಡಿಸಿದೆ ಅನ್ನುವುದನ್ನು ಒಪ್ಪಲ್ಲ. ಇದನ್ನು ಹಾಕಿ ನೋಡಿ. ಮತ್ತೆ ಕೆಂಪು ಬಂದರೆ ನಾನೇ ಬರುವುದಿಲ್ಲ. ಹಸಿರಾದರೆ ನನ್ನ ಲಾಗಿನ್ ನನಗೆ ಬೇಕು. ಬಾಗಿಲ ಹೊರಗೇ ನಿಂತಿರುತ್ತೇನೆ. ಬೇಗ ಉತ್ತರ ಕೊಡಿ.